ಫಳಫಳ ದೊಡ್ಡಪ್ಪನ ಕೋವಿ ಗಡಿ ದಾಟಿದ್ದು

ನನ್ನ ದೊಡ್ಡಪ್ಪನನ್ನು ಎದುರಿಗೆ ಎಲ್ಲರೂ ಯಜಮಾನರೇ ಎನ್ನುತ್ತಾರೆ, ಬೆನ್ನ ಹಿಂದೆ ಫಳಫಳ. ಎರಡನೆಯದೇ ಹೆಚ್ಚು ನಿಖರ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರಿಗೆ ಲೋಹಕ್ಕೆ ಪಾಲಿಶ್ ಹಾಕುವ ಅಂಗಡಿ ಇದೆ. ನಲ್ಲಿ, ಬಾಗಿಲ ಹಿಡಿ, ಮೆಟ್ಟಿಲ ಕಂಬಿ, ಓಟದ ಪಂದ್ಯದ ಟ್ರೋಫಿ, ಯಾವುದು ಬಂದರೂ ಸರಿ. ಗಿರಗಿರ ತಿರುಗುವ ಬಟ್ಟೆಯ ಚಕ್ರಕ್ಕೆ ಹಸಿರು ಮೇಣ ತಾಗಿಸಿ, ಅದಕ್ಕೆ ಲೋಹವನ್ನು ಒತ್ತಿ ಹಿಡಿಯುತ್ತಾರೆ. ಚಕ್ರದಿಂದ ಹಾರಿದ ಕರಿ ಧೂಳು ಗೋಡೆ, ಬಲ್ಬು, ಕ್ಯಾಲೆಂಡರು, ಅವರ ಹುಬ್ಬು, ಎಲ್ಲದರ ಮೇಲೂ ಕೂತಿರುತ್ತದೆ. ಆ ಅಂಗಡಿಯಲ್ಲಿ ಹೊಳೆಯದೆ ಇರುವುದು ಯಜಮಾನರೊಬ್ಬರೇ.

ಹೊಳೆಯದ್ದನ್ನು ಕಂಡರೆ ಅವರಿಗಾಗದು. ಮದುವೆ ಮನೆಗೆ ಹೋದರೆ ಮೊದಲು ಬಾಗಿಲ ಚಿಲಕ ನೋಡುತ್ತಾರೆ, ಆಮೇಲೆ ಮದುಮಗನನ್ನು. "ಚಿಲಕಾನೇ ಉಜ್ಜದೋರು ಹೆಣ್ಣನ್ನ ಹೇಗೆ ನೋಡ್ಕೋತಾರೆ?" ಎಂದು ಊಟದ ಸಾಲಿನಲ್ಲೇ ಕೇಳುತ್ತಾರೆ. ಅವರ ಪ್ರಕಾರ ಲೋಕದಲ್ಲಿ ಕೆಲಸಗಾರರೇ ಇಲ್ಲ. ಇರುವವರೆಲ್ಲ ಮೇಲೆ ಮೇಲೆ ಒರೆಸುವವರು. "ಕಾಣೋ ಜಾಗ ಉಜ್ಜೋದು ಯಾವ ಕತ್ತೆಯಾದ್ರೂ ಮಾಡುತ್ತೆ. ಕಾಣದ ಜಾಗ ಉಜ್ಜೋನೇ ಕಸುಬುದಾರ." ಇದು ಅವರ ವೇದವಾಕ್ಯ. ಇಂಥ ಮಾತಿಗೆ ನಾವೆಲ್ಲ ತಲೆಯಾಡಿಸಿ, ಅವರು ಅತ್ತ ತಿರುಗಿದ ಮೇಲೆ ಕಣ್ಣು ಮಿಟುಕಿಸಿಕೊಳ್ಳುತ್ತಿದ್ದೆವು.

ಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಬೀರು, ಬೀರುವಿನಲ್ಲಿ ಜೋಡಿ ನಳಿಗೆಯ ಕೋವಿ. ಅದು ದೊಡ್ಡಪ್ಪನ ಅಪ್ಪನದು. ಆತ ಧಾನ್ಯದ ಗೋದಾಮಿನಲ್ಲಿ ಕಾವಲುಗಾರ. ಬದುಕಿನುದ್ದಕ್ಕೂ ಆ ಕೋವಿಯನ್ನು ಹೆಗಲಿಗೇರಿಸಿ ಗೋದಾಮು ಸುತ್ತಿ, ಆ ಸಂಬಳದಲ್ಲೇ ಮಕ್ಕಳನ್ನು ಸಾಕಿದವನು. ದೊಡ್ಡಪ್ಪ ಈ ಸಂಗತಿಯನ್ನು ಯಾರಿಗೂ ಹೇಳುತ್ತಿರಲಿಲ್ಲ. ಬಂದವರ ಮುಂದೆ ಅದು "ನಮ್ಮ ಮನೆತನದ ಕೋವಿ" ಆಗುತ್ತಿತ್ತು. ಅಪ್ಪ "ಬೇಟೆ ಗೀಟೆ ಅಂತ ಓಡಾಡಿದೋರು" ಆಗುತ್ತಿದ್ದರು. ಆ ಬಡಪಾಯಿ ಬೇಟೆಯಾಡಿದ್ದಿದ್ದರೆ ಗೋದಾಮಿನ ಹೆಗ್ಗಣವನ್ನೇ ಆಡಿರಬೇಕು.

ಕೋವಿಯ ಉಕ್ಕಿಗೆ ತಯಾರಿಸುವಾಗಲೇ ಕರಿನೀಲಿ ಬಣ್ಣ ಕೊಟ್ಟಿರುತ್ತಾರೆ, ತುಕ್ಕು ಹಿಡಿಯದಿರಲಿ, ಬೆಳಕಿಗೆ ಮಿಂಚದಿರಲಿ ಎಂದು. ದೊಡ್ಡಪ್ಪನ ಕಣ್ಣಿಗೆ ಅದು ಕೊಳೆ. ಕೋವಿ ತಮ್ಮ ಕೈಗೆ ಬಂದ ಮೊದಲ ವರ್ಷವೇ ಅದನ್ನು ಕೆರೆದು ತೆಗೆದರು. ಅಲ್ಲಿಂದಾಚೆಗೆ ಪ್ರತಿ ಭಾನುವಾರ ಕೋವಿಯನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಕೈಮೋಟಾರಿನ ಪುಟ್ಟ ಚಕ್ರಕ್ಕೆ ಹಿಡಿದು, ಚಮಚದ ಹಾಗೆ ಬೆಳ್ಳಗೆ ಮಾಡಿ ಮತ್ತೆ ಜೋಡಿಸುತ್ತಿದ್ದರು. ಒಂದು ಸಲವೂ ಹಾರಿಸಿದವರಲ್ಲ. ಮನೆಯಲ್ಲಿ ಗುಂಡೇ ಇರಲಿಲ್ಲ. ಪಟಾಕಿ ಸಿಡಿದರೆ ಕಿವಿ ಮುಚ್ಚಿಕೊಳ್ಳುವ ಮನುಷ್ಯ.

ಈ ಸಲ ಲೈಸೆನ್ಸ್ ನವೀಕರಿಸಲು ಹೋದಾಗ ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿ ಅಂದರು. ದೊಡ್ಡಪ್ಪ ಮೇಲಿನ ದೊಡ್ಡ ಅಕ್ಷರ ಓದಿ, ಉಳಿದದ್ದು ಸರಿಯಾಗಿ ಅಚ್ಚಾಗಿಲ್ಲ ಎಂದರು. ಡಾಕ್ಟರು ಸಹಿ ಹಾಕಲಿಲ್ಲ. ಇನ್ನು ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಇಲ್ಲವೇ ಲೈಸೆನ್ಸ್ ಇರುವ ಬೇರೊಬ್ಬರಿಗೆ ವರ್ಗಾಯಿಸಬೇಕು.

ಅದೇ ಹೊತ್ತಿಗೆ ಪಕ್ಕದ ರಾಜ್ಯದಿಂದ ಅವರ ತಂಗಿಯ ಮಗಳು ಫೋನ್ ಮಾಡಿದಳು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಹೆಣ್ಣು. ದೊಡ್ಡಪ್ಪ ಚಿಕ್ಕಂದಿನಿಂದ ಅವಳನ್ನು ಕರೆಯುವುದು ಕಂಬ ಎಂದೇ. ಬ್ಯಾಂಕಿನ ಹಣ ಸಾಗಿಸುವ ವ್ಯಾನುಗಳ ಕಂಪನಿಯೊಂದರಲ್ಲಿ ಅವಳಿಗೆ ಕಾವಲಿನ ಕೆಲಸ ಸಿಕ್ಕಿತ್ತು. ದೈಹಿಕ ಪರೀಕ್ಷೆ ಮುಗಿದಿತ್ತು, ಗುರಿ ಪರೀಕ್ಷೆಯಲ್ಲಿ ಅವಳೇ ಮೊದಲು, ಲೈಸೆನ್ಸೂ ಕೈಗೆ ಬಂದಿತ್ತು. ಆದರೆ ಕಂಪನಿ ಕೋವಿ ಕೊಡುವುದಿಲ್ಲ, ಸ್ವಂತದ್ದು ತರಬೇಕು. ತಿಂಗಳ ಕೊನೆಯೊಳಗೆ ತಾರದಿದ್ದರೆ ಜಾಗ ಮುಂದಿನವರಿಗೆ. ಹೊಸದನ್ನು ಕೊಳ್ಳುವ ತ್ರಾಣ ಅವಳಿಗಿಲ್ಲ. ಗಂಡ ಬಿಟ್ಟು ಹೋಗಿ, ತಾಯಿ ಹಾಸಿಗೆ ಹಿಡಿದು, ಮನೆ ನಡೆಯಬೇಕಾದದ್ದು ಈ ಕೆಲಸದಿಂದಲೇ.

"ಮಾವ, ತಾತನ ಕೋವಿ ನನಗೆ ಕೊಡಿ," ಎಂದಳು.

"ನಿನಗ್ಯಾಕೇ ಕೋವಿ? ಕಂಬಕ್ಕೆ ಕೋವಿ ಒರಗಿಸಿದ್ರೆ ಯಾವುದು ಕಂಬ, ಯಾವುದು ಕೋವಿ ಅಂತ ಜನಕ್ಕೆ ತಿಳಿಯಬೇಡ್ವಾ?"

"ತಿಳೀದಿದ್ರೆ ಕಳ್ಳನಿಗೆ ಕಷ್ಟ ಮಾವ, ನನಗಲ್ಲ. ಕೊಡ್ತೀರೋ ಇಲ್ವೋ?"

"ನಮ್ಮ ಮನೆತನದ ಕೋವೀನ ವಾಚ್‌ಮನ್ ಕೆಲಸಕ್ಕೆ ಕೊಡಬೇಕಾ?" ಎಂದರು ವಾಚ್‌ಮನ್ನನ ಮಗ. ದೊಡ್ಡಮ್ಮ ಅಡುಗೆಮನೆಯಿಂದ ಗಟ್ಟಿಯಾಗಿ ಕೆಮ್ಮಿದರು. ಆ ಕೆಮ್ಮಿಗೆ ಅರ್ಥವಿತ್ತು. ದೊಡ್ಡಪ್ಪ ಒಪ್ಪಿದರು.

ಒಪ್ಪಿದವರು ಮರುಕ್ಷಣವೇ ಹಳೆ ಹೊದಿಕೆ ತರಿಸಿದರು. ಕೋವಿಯನ್ನು ಅದರಲ್ಲಿ ಸುತ್ತಿ, ಛತ್ರಿಯ ಜೊತೆ ಕಟ್ಟಿ, ಬಸ್ಸಿನಲ್ಲಿ ಒಯ್ದು ಕೊಟ್ಟು ಬರುವ ಯೋಜನೆ. ನಿಯಮ ಓದಿ ಹೇಳುವ ಕೆಲಸ ನಮ್ಮ ಮನೆಯಲ್ಲಿ ಯಾವಾಗಲೂ ನನ್ನದು, ಹೇಳಿದೆ: ಉಡುಗೊರೆಯಾದರೂ, ರಕ್ತಸಂಬಂಧವಾದರೂ, ಕೋವಿ ಕೈಯಿಂದ ಕೈಗೆ ಗಡಿ ದಾಟುವಂತಿಲ್ಲ. ಎರಡೂ ರಾಜ್ಯದ ಲೈಸೆನ್ಸ್ ಕಚೇರಿಗಳ ಒಪ್ಪಿಗೆ ಬೇಕು. ಇಲ್ಲಿನ ಅಧಿಕೃತ ಕೋವಿ ವ್ಯಾಪಾರಿ ಪರೀಕ್ಷಿಸಿ ಅಲ್ಲಿನ ವ್ಯಾಪಾರಿಗೆ ಕಳಿಸಬೇಕು. ಅವಳು ತನ್ನ ಲೈಸೆನ್ಸ್ ತೋರಿಸಿ ಅವನಿಂದ ಪಡೆಯಬೇಕು. ಹೊದಿಕೆಯಲ್ಲಿ ಸುತ್ತಿ ಒಯ್ದರೆ ಕೊಟ್ಟವರೂ ಒಳಗೆ, ತೆಗೆದುಕೊಂಡವಳೂ ಒಳಗೆ.

"ನನ್ನ ಕೋವಿ, ನನ್ನ ತಂಗಿ ಮಗಳು. ನಡುವೆ ಈ ವ್ಯಾಪಾರಿ ಯಾವೂರ ದಾಸಯ್ಯ?" ಎಂದು ದೊಡ್ಡಪ್ಪ ಹೊದಿಕೆಯನ್ನು ಕಾಲಿನಿಂದ ಒದ್ದರು.

ಕಚೇರಿಗಳ ಒಪ್ಪಿಗೆ ಬಂದ ಮೇಲೆ ನಾನೇ ಅವರನ್ನು ಆ ದಾಸಯ್ಯನ ಅಂಗಡಿಗೆ ಕರೆದೊಯ್ದೆ. ಕಬ್ಬಿಣದ ಜಾಲರಿಯ ಹಿಂದೆ ಉದ್ದನೆಯ ಮೇಜು, ಎಣ್ಣೆ ಕುಡಿದ ಬಟ್ಟೆಗಳು, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಕೋವಿಗಳು. ವ್ಯಾಪಾರಿ ಹುಳಿಮುಖದ ಮನುಷ್ಯ, ಯಾರೊಂದಿಗೂ ಒಂದು ಮಾತು ಹೆಚ್ಚಿಗೆ ಆಡದವನು. ದೊಡ್ಡಪ್ಪ ಚೀಲ ಬಿಚ್ಚಿ, ಮೊಮ್ಮಗುವನ್ನು ತೋರಿಸುವವರ ಹಾಗೆ ಕೋವಿಯನ್ನು ಮೇಜಿನ ಮೇಲೆ ಮಲಗಿಸಿದರು. ಟ್ಯೂಬ್‌ಲೈಟಿನ ಬೆಳಕು ಅದಕ್ಕೆ ಬಡಿದು ವ್ಯಾಪಾರಿಯ ಕಣ್ಣಿಗೆ ಹೊಡೆಯಿತು.

"ಯಾರು ಹೀಗೆ ಹಾಳು ಮಾಡಿದ್ದು?" ಎಂದು ಅವನು ಕೇಳಿದ.

ದೊಡ್ಡಪ್ಪನಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಹೊಗಳಿಕೆಯಲ್ಲದ ಮಾತು ಅವರ ಕಿವಿಗೆ ಸಾಮಾನ್ಯವಾಗಿ ಬೀಳುವುದಿಲ್ಲ.

ವ್ಯಾಪಾರಿ ಲೈಸೆನ್ಸಿನಲ್ಲಿದ್ದ ನಂಬರು ಓದಿಕೊಂಡು ಕೋವಿಯ ಪಕ್ಕ ನೋಡಿದ. ಇಲ್ಲ. ಮಡಿಸಿ ತಳ ನೋಡಿದ. ಇಲ್ಲ. ಮುಂದಿನ ಮರದ ತುಂಡು ಕಳಚಿ, ನಳಿಗೆ ಬೇರ್ಪಡಿಸಿ, ಅದರ ಅಡಿಗೆ ಬೆಸೆದಿದ್ದ ಉಕ್ಕಿನ ಗಟ್ಟಿಯ ಮೇಲೆ ಭೂತಗನ್ನಡಿ ಹಿಡಿದ. ಅಲ್ಲೂ ಕನ್ನಡಿಯಂಥ ಉಕ್ಕು, ಅದರಲ್ಲಿ ಅವನದೇ ಕಣ್ಣು.

"ನಂಬರ್ ಎಲ್ರೀ?"

"ಯಾವ ನಂಬರು?"

"ಕಾರ್ಖಾನೆಯೋರು ಮೂರ್ನಾಲ್ಕು ಕಡೆ ಕೊರೆದಿರ್ತಾರೆ. ಮೇಲಿಂದು ಸವೆದ್ರೂ ಒಳಗಿಂದು ಇರುತ್ತೆ. ಇಲ್ಲಿ ಒಳಗೂ ಇಲ್ಲ."

"ಒಳಗೂ ಉಜ್ಜಿದ್ದೀನಲ್ಲ!" ಎಂದರು ದೊಡ್ಡಪ್ಪ, ಹೆಮ್ಮೆಯಿಂದ.

ಇಷ್ಟು ವರ್ಷ ನವೀಕರಣದ ತಪಾಸಣೆ ಮಾಡಿದ ಅಧಿಕಾರಿಗಳು ಏನು ನೋಡುತ್ತಿದ್ದರು ಎಂದು ನೀವು ಕೇಳಬಹುದು. ತಮ್ಮ ಮುಖವನ್ನು. "ಕನ್ನಡಿ ಥರ ಇಟ್ಟಿದ್ದೀರಿ ಯಜಮಾನರೇ" ಎಂದು ಮೀಸೆ ಸರಿಮಾಡಿಕೊಂಡು, ಹಳೆಯ ಲೈಸೆನ್ಸಿನಲ್ಲಿದ್ದ ನಂಬರನ್ನೇ ಹೊಸದಕ್ಕೆ ಇಳಿಸಿ ಮುದ್ರೆ ಒತ್ತುತ್ತಿದ್ದರು.

ನಂಬರಿಲ್ಲದ ಕೋವಿಯನ್ನು ವ್ಯಾಪಾರಿ ಕಳಿಸುವಂತಿಲ್ಲ, ನಮಗೆ ಮರಳಿಸುವಂತೆಯೂ ಇಲ್ಲ. ಅವನು ನಮ್ಮೆದುರೇ ಠಾಣೆಗೆ ಫೋನ್ ಮಾಡಿದ. ಕೋವಿ ಠಾಣೆ ಸೇರಿತು. ನಾನು ಕಂಬಳಿಗೆ—ಕಂಬನಿಗೆ ಎನ್ನಬೇಕೋ ಏನೋ, ಆ ಹೆಸರಿಗೆ ವಿಭಕ್ತಿ ಹಚ್ಚಿದರೆ ಒಮ್ಮೆ ಹೊದಿಕೆ, ಒಮ್ಮೆ ಕಣ್ಣೀರು—ಫೋನ್ ಮಾಡಿ ವಿಷಯ ತಿಳಿಸಿದೆ. ಮರುದಿನ ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಬಂದಿಳಿದಳು.

ಠಾಣೆಯ ಇನ್‌ಸ್ಪೆಕ್ಟರ್ ದಣಿದ ಹೆಂಗಸು. ಫ್ಯಾನಿನ ಕೆಳಗೆ ಕೂತು ನಿಧಾನವಾಗಿ ಹೇಳಿದರು. "ನೋಡಿ ಯಜಮಾನರೇ, ಎರಡೇ ದಾರಿ. ಕೋವಿ ನಿಮಗೆ ಬಂದಾಗಲೇ ನಂಬರ್ ಇರಲಿಲ್ಲ ಅಂದ್ರೆ, ಅದು ಎಲ್ಲಿಂದ ಬಂತು, ಯಾರದು ಅಂತ ತನಿಖೆ. ವರ್ಷಗಟ್ಟಲೆ ಆಗುತ್ತೆ, ಕೊನೆಗೆ ಕೋವೀನ ಕರಗಿಸ್ತಾರೆ. ನಿಮ್ಮ ಕೈಯಿಂದಲೇ ಅಳಿಸಿಹೋಯ್ತು ಅಂದ್ರೆ, ಹಾಗಂತ ಹೇಳಿಕೆ ಕೊಡಿ. ಪ್ರಯೋಗಾಲಯಕ್ಕೆ ಕಳಿಸ್ತೀನಿ. ಅಳಿಸಿದ ನಂಬರ್ ಎಷ್ಟೋ ಸಲ ಮತ್ತೆ ಎದ್ದು ಬರುತ್ತೆ. ಹೊಂದಿದ್ರೆ ವರ್ಗಾವಣೆ ಆಗುತ್ತೆ. ನಿಮ್ಮ ಮೇಲೆ ಕೇಸು ಆಗುತ್ತೆ, ದಂಡ ಬೀಳಬಹುದು, ಇನ್ನು ಜನ್ಮದಲ್ಲಿ ಲೈಸೆನ್ಸ್ ಸಿಗಲ್ಲ."

ದೊಡ್ಡಪ್ಪ ಕತ್ತು ನೆಟ್ಟಗೆ ಮಾಡಿದರು. "ನಮ್ಮಪ್ಪನ ಕಾಲದಿಂದಲೂ ಅದು ಹಾಗೇ ಇತ್ತು."

ಆ ಕೋಣೆಯಲ್ಲಿ ಅದನ್ನು ನಂಬಿದವರು ಯಾರೂ ಇರಲಿಲ್ಲ, ಮೂಲೆಯಲ್ಲಿದ್ದ ಬೆಕ್ಕನ್ನೂ ಸೇರಿಸಿ. ದಂಡಕ್ಕಾಗಲೀ ಕೇಸಿಗಾಗಲೀ ಅವರು ಹೆದರಿದ್ದಲ್ಲ. ಹೆಚ್ಚು ಉಜ್ಜಿ ಕೆಡಿಸಿದೆ ಎಂದು ಬರೆದುಕೊಟ್ಟರೆ ನಾಳೆ ಊರೆಲ್ಲ ಏನೆನ್ನುತ್ತದೆ ಎಂಬುದೇ ಅವರ ಹೆದರಿಕೆ. ಅದಕ್ಕೆ ಬದಲಾಗಿ ಸತ್ತ ಅಪ್ಪನನ್ನು ಕಳ್ಳಕೋವಿಯವನನ್ನಾಗಿ ಮಾಡಲೂ ತಯಾರಿದ್ದರು. ಮನುಷ್ಯ ಎಷ್ಟು ಸಣ್ಣವನಾಗಬಹುದು ಎಂಬುದಕ್ಕೆ ಅಳತೆಗೋಲು ಬೇಕಿದ್ದರೆ ಆ ಗಳಿಗೆಯಲ್ಲಿ ಸಿಗುತ್ತಿತ್ತು.

ಅಲ್ಲಿಯವರೆಗೂ ಬಾಗಿಲ ಬಳಿ ನಿಂತಿದ್ದ ತಂಗಿಯ ಮಗಳು ಮುಂದೆ ಬಂದಳು.

"ತಾತ ಕಳ್ಳಕೋವಿ ಹೊತ್ಕೊಂಡು ಗೋದಾಮು ಕಾಯ್ತಿದ್ರಾ ಮಾವ?"

"ನೀನು ಸುಮ್ನಿರೇ."

"ಆ ಗೋದಾಮಿನ ಸಂಬಳದಲ್ಲೇ ಅಲ್ವಾ ನೀವು ಕಸುಬು ಕಲಿತದ್ದು? ನನ್ನ ಅಮ್ಮ ಅಂತೂ ಎಲ್ಲರಿಗೂ ಹೇಳ್ತಾಳೆ, ಹೇಳೋಕೆ ಅವಳಿಗೆ ನಾಚಿಕೆ ಇಲ್ಲ. ಪರವಾಗಿಲ್ಲ ಬಿಡಿ. ಕೋವಿ ಕರಗಿಸ್ಲಿ. ನಾನು ಬೇರೆಯೋರ ಮನೆ ಪಾತ್ರೆ ಉಜ್ತೀನಿ. ಉಜ್ಜೋದು ನಮ್ಮ ವಂಶಕ್ಕೆ ಬಂದಿದೆಯಲ್ಲ, ನೀವೇ ಹೇಳಿಕೊಡಿ. ಆದರೆ ಮಾವ, ನಿಮ್ಮ ಕೈಲಿ ನಂಬರ್ ಅಳಿಸೋಕಾಗಲ್ಲ ಅಂತ ಒಪ್ಕೊಂಡ ಹಾಗಾಯ್ತು. ಯಾರೋ ಬೇರೆಯೋನು ನಿಮಗಿಂತ ಮೊದಲೇ ನಿಮಗಿಂತ ಚೆನ್ನಾಗಿ ಉಜ್ಜಿದ್ದಾನೆ."

ದೊಡ್ಡಪ್ಪನ ಮುಖ ಕೆಂಪಗಾಯಿತು.

"ಯಾವನೇ ಅವನು ಉಜ್ಜೋನು?" ಮೇಜಿಗೆ ಗುದ್ದಿದರು. "ಬರ್ಕೊಳ್ಳಮ್ಮ! ನಂಬರ್ ಇತ್ತು. ನಾಲ್ಕು ಕಡೆ ಇತ್ತು. ಉಕ್ಕಲ್ಲಿ ಕೊರೆದಿದ್ದನ್ನ ಗೀರು ಬೀಳದ ಹಾಗೆ, ಅರ ಮುಟ್ಟಿಸದೆ, ಬರೀ ಬಟ್ಟೆ ಚಕ್ರದಲ್ಲಿ ಅಳಿಸಿದೋನು ಈ ಸೀಮೇಲಿ ನಾನೊಬ್ಬನೇ. ಹಾಗೇ ಬರ್ಕೊಳ್ಳಿ, ಒಂದಕ್ಷರ ಬಿಡಬೇಡಿ."

ಇನ್‌ಸ್ಪೆಕ್ಟರ್ ಒಂದಕ್ಷರವನ್ನೂ ಬಿಡದೆ ಬರೆದುಕೊಂಡರು. ತಪ್ಪೊಪ್ಪಿಗೆಯನ್ನು ಜಾಹೀರಾತಿನ ಹಾಗೆ ಕೊಟ್ಟವರನ್ನು ಅವರೂ ಮೊದಲ ಸಲ ನೋಡಿದ್ದಿರಬೇಕು. ಅಪ್ಪನ ಉದ್ಯೋಗ ಎಂಬಲ್ಲಿ ದೊಡ್ಡಪ್ಪ ತಾವಾಗಿಯೇ "ಗೋದಾಮಿನ ಕಾವಲು" ಎಂದು ಹೇಳಿ ಬರೆಸಿದರು. ಯಾರೂ ಒತ್ತಾಯಿಸಿರಲಿಲ್ಲ.

ಉಕ್ಕಿಗೆ ಅಂಕಿಯನ್ನು ಬಡಿದು ಕೊರೆಯುವಾಗ ಅಂಕಿಯ ಕೆಳಗಿನ ಲೋಹವೂ ಒತ್ತಿಕೊಂಡು ಬಿಗಿಯಾಗುತ್ತದೆ. ಮೇಲಿನ ಪದರ ಸವೆದುಹೋದರೂ ಆ ಬಿಗಿತ ಆಳದಲ್ಲಿ ಉಳಿಯುತ್ತದೆ. ಆಮ್ಲದ ದ್ರಾವಣ ಹಚ್ಚಿದರೆ ಅಂಥ ಜಾಗ ಸುತ್ತಲಿನದಕ್ಕಿಂತ ಬೇರೆ ರೀತಿಯಲ್ಲಿ ಕರಗಿ, ಅಂಕಿ ನೆರಳಿನಂತೆ ಮೇಲೇಳುತ್ತದೆ. ಪ್ರಯೋಗಾಲಯದವರು ಮಾಡಿದ್ದು ಅದನ್ನೇ. ಮೂರು ಜಾಗದಲ್ಲಿ ಏನೂ ಬರಲಿಲ್ಲ. ನನ್ನ ದೊಡ್ಡಪ್ಪ ಅಲ್ಲಿ ನೆರಳನ್ನೂ ಉಳಿಸಿರಲಿಲ್ಲ. ನಳಿಗೆಯ ಅಡಿಯ ಗಟ್ಟಿಯ ಮೇಲೆ ಮಾತ್ರ ಅಂಕಿಗಳು ಎದ್ದವು, ಲೈಸೆನ್ಸಿನೊಂದಿಗೆ ಹೊಂದಿದವು. ನ್ಯಾಯಾಲಯ ದಂಡ ಹಾಕಿ, ಬೈದು, ಕೋವಿಗೆ ಅದೇ ನಂಬರನ್ನು ಮತ್ತೆ ಕೊರೆಸಿ ವರ್ಗಾಯಿಸಲು ಅನುಮತಿ ಕೊಟ್ಟಿತು. ಅಷ್ಟರಲ್ಲಿ ಕಂಪನಿಯ ಗಡುವು ಎಂದೋ ಮುಗಿದಿತ್ತು. ಆದರೆ ಇನ್‌ಸ್ಪೆಕ್ಟರ್ ಕೊಟ್ಟ ಪತ್ರ ನೋಡಿ, ಗುರಿ ಪರೀಕ್ಷೆಯ ಫಲಿತಾಂಶವನ್ನೂ ಇನ್ನೊಮ್ಮೆ ನೋಡಿ, ಕಂಪನಿ ಜಾಗ ಕಾಯ್ದಿರಿಸಿತ್ತು. ಕೋವಿ ವ್ಯಾಪಾರಿಯಿಂದ ವ್ಯಾಪಾರಿಗೆ, ಕಟ್ಟಿ ಮುದ್ರೆ ಹಾಕಿದ ಪೆಟ್ಟಿಗೆಯಲ್ಲಿ, ಕಾನೂನಿನ ಪ್ರಕಾರ ಗಡಿ ದಾಟಿತು.

ಅವಳು ಕೆಲಸಕ್ಕೆ ಸೇರಿದ ವಾರ ದೊಡ್ಡಪ್ಪ ನೋಡಲೇಬೇಕೆಂದು ಹಟ ಹಿಡಿದರು, ನಾನೇ ಅವರನ್ನು ಗಡಿಯಾಚೆಗೆ ಕರೆದೊಯ್ದೆ. ಬ್ಯಾಂಕಿನ ಮುಂದೆ ವ್ಯಾನು ನಿಂತಿತ್ತು. ಬೂದು ಸಮವಸ್ತ್ರದಲ್ಲಿ ಅವಳು ಹಿಂಬಾಗಿಲ ಪಕ್ಕ, ಕೋವಿ ಎದೆಗೆ ಓರೆಯಾಗಿ. ಕೋವಿಗೆ ಮತ್ತೆ ಕರಿನೀಲಿ ಬಣ್ಣ ಕೊಡಿಸಿದ್ದಳು.

"ಅಯ್ಯೋ, ಬಾಣಲೆ ತಳ ಮಾಡಿದ್ದಾಳಲ್ಲೋ!" ಎಂದು ದೊಡ್ಡಪ್ಪ ನನ್ನ ಕೈ ಹಿಂಡಿದರು. ಆಮೇಲೆ ಪಕ್ಕದಲ್ಲಿ ಹಣ್ಣು ಮಾರುತ್ತಿದ್ದವನಿಗೆ, ಅವನು ಕೇಳದಿದ್ದರೂ, "ನನ್ನ ತಂಗಿ ಮಗಳು. ಅವಳ ತಾತಂದೂ ಇದೇ ಕೆಲಸ" ಎಂದರು. ಹೇಳಿ, ಮಾತಾಡಿಸಲೆಂದು ಸೀದಾ ವ್ಯಾನಿನ ಕಡೆ ಹೊರಟರು.

"ಅಲ್ಲೇ ನಿಲ್ಲಿ," ಎಂದಳು ಅವಳು. ದನಿ ಏರಿಸಲಿಲ್ಲ.

"ನಾನು ಕಣೇ, ಮಾವ."

"ಗೊತ್ತು. ಹಣ ಇಳೀತಿದೆ. ಹಿಂದಕ್ಕೆ ಹೋಗಿ."

ದೊಡ್ಡಪ್ಪ ಒಂದು ಹೆಜ್ಜೆ ಹಿಂದಿಟ್ಟರು.

"ಇನ್ನೂ ಹಿಂದಕ್ಕೆ."