ಪಿಕಪ್‌ಗೆ ಗಾಲಿ ಆರಿಸಿದ್ದು

ಗೆಳೆಯರೇ, ಇವತ್ತು ಟೈರ್ ಅಂಗಡಿಯಲ್ಲಿ ನಿಂತಾಗ ಎಂಬತ್ತರ ದಶಕದ ನಮ್ಮ ಪಿಕಪ್ ನೆನಪಾಯಿತು. ಒಮ್ಮೆ ಮಾನ್ವಿಯ ನಮ್ಮ ಅಕ್ಕಿ ಗಿರಣಿಯ ಹಮಾಲನೊಬ್ಬನ ಮದುವೆ ದಿಬ್ಬಣ ಮರುದಿನ ಅದರಲ್ಲೇ ದೇವದುರ್ಗಕ್ಕೆ ಹೋಗಬೇಕಿತ್ತು. ಹಳೆಯ ಗಾಲಿಗಳು ಬಿರುಕು ಬಿಟ್ಟಿದ್ದವು. ರಾಯಚೂರಿನ ಅಂಗಡಿಯಲ್ಲಿ ಅಪ್ಪ ದಪ್ಪ ಟೈರಿನ ದೊಡ್ಡ ಗಾಲಿ ಹಾಕಿಸಿದರು.

"ತಿರುವಿದ್ರ ಮಡ್‌ಗಾರ್ಡಿಗೆ ತಿಕ್ತಾವ್ರಿ. ಕಂಪನಿ ಅಳತಿ ಗಾಲೀನೇ ಹಾಕಸ್ರಿ," ಎಂದ ಡ್ರೈವರ್ ಮೌಲಾಸಾಬ್.

"ಗಾಡಿ ನಂದದ ಲೇ!"

"ಹಿಂದ ಕುಂದ್ರೋ ಮಂದಿ ನಮ್ಮವ್ರದಾರ್ರಿ. ನಾ ಹೊಡ್ಯಾಂಗಿಲ್ಲ," ಎಂದು ಚಾವಿ ಮೇಜಿನ ಮೇಲಿಟ್ಟ.

ಅಪ್ಪ ತಾವೇ ಓಡಿಸಿಕೊಂಡು ಹೋದರು. ಮೊದಲ ತಿರುವಿನಲ್ಲೇ ಟೈರು ಸಿಕ್ಕಿಕೊಂಡು, ಗಾಡಿ ಬಳೆಗಾರನ ತಳ್ಳುಬಂಡಿಗೆ ಗೇಣು ದೂರದಲ್ಲಿ ನಿಂತಿತು. ನಡೆದೇ ವಾಪಸ್ ಬಂದು, "ಕಂಪನಿ ಗಾಲೀನೇ ಹಾಕ್ರಿ," ಎಂದರು. ಮರುದಿನ ಮೌಲಾಸಾಬ್ ದಿಬ್ಬಣವನ್ನು ಸುಖವಾಗಿ ಮುಟ್ಟಿಸಿದ.

ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ: "ಅಂಗಡ್ಯಾವ ಏನೇನೋ ತೋರಿಸ್ದ. ನಾನೇ ನೋಡಿ ಕಂಪನಿ ಗಾಲಿ ಆರಿಸ್ದೆ."