ತಲೆತಗ್ಗಿಸಿ ಕೊಟ್ಟ ಮಾತ್ರೆ

ನರೀನ್ ಹೊಳೆಯ ಮೇಲ್ದಂಡೆಯ, ಕುದುರೆ ಸಾಕುವ ಆ ಬೆಟ್ಟದೂರಿನ ಆರೋಗ್ಯ ಕೇಂದ್ರಕ್ಕೆ ದಾದಿಯೂ ಬುರುಲ್ಚಾ, ಸೂಲಗಿತ್ತಿಯೂ ಅವಳೇ, ಕಸ ಗುಡಿಸುವವಳೂ ಅವಳೇ. ರಾಜಧಾನಿಯ ಮಂತ್ರಿಗಳ ಗುರುತು ಊರಿನಲ್ಲಿ ಯಾರಿಗಿತ್ತು? ಔಷಧದ ಡಬ್ಬಿ ಹಿಡಿದು ಮನೆಬಾಗಿಲಿಗೆ ಬರುವ ಬುರುಲ್ಚಾಳೇ ಅವರ ಪಾಲಿನ ಸರ್ಕಾರ. ಕುಡಿದು ಹಾರಾಡುವ ಗಂಡಸರನ್ನೂ ಗದರಿಸಿ ಕೂರಿಸಿ ಚುಚ್ಚುಮದ್ದು ಹಾಕುವ ಗಟ್ಟಿಗಿತ್ತಿ.

ಕ್ಷಯದ ಮಾತ್ರೆಯನ್ನು ಸರ್ಕಾರ ಪುಕ್ಕಟೆ ಕಳಿಸುತ್ತಿತ್ತು, ಜೊತೆಗೊಂದು ನಿಯಮವನ್ನೂ ಕಳಿಸುತ್ತಿತ್ತು: ರೋಗಿ ನುಂಗುವುದನ್ನು ದಾದಿ ಕಣ್ಣಾರೆ ನೋಡಬೇಕು. ಅರ್ಧಕ್ಕೆ ಬಿಟ್ಟರೆ ರೋಗ ಯಾವ ಮದ್ದಿಗೂ ಬಗ್ಗದಷ್ಟು ಮೊಂಡಾಗುತ್ತದೆ. ಬುರುಲ್ಚಾ ಎಲ್ಲರ ಬಾಯನ್ನೂ ತೆರೆಸಿ ನೋಡುತ್ತಿದ್ದಳು, ಒಬ್ಬರದನ್ನು ಬಿಟ್ಟು. ಆ ಒಬ್ಬ ಅವಳ ಗಂಡನ ಅಣ್ಣ ತುರ್ಗುನ್. ಗಂಡ ತೀರಿಕೊಂಡು ವರ್ಷಗಳಾಗಿದ್ದರೂ ಆ ಮನೆಗೆ ಸೊಸೆ ಸೊಸೆಯೇ ತಾನೆ. ಅಲ್ಲಿನ ಪದ್ಧತಿಯಂತೆ ಸೊಸೆ ಭಾವನ ಹೆಸರೆತ್ತುವಂತಿಲ್ಲ, ಮುಖ ನೋಡುವಂತಿಲ್ಲ, ಅವನಿಗೆ ಬೆನ್ನು ತೋರಿಸುವಂತಿಲ್ಲ. ಅವಳು ತಲೆತಗ್ಗಿಸಿ ಮಾತ್ರೆ ಚಾಚುತ್ತಿದ್ದಳು. ನೀರು ಗುಟುಕರಿಸಿದ ಸದ್ದಾದ ಮೇಲೆ ಹಿಂದಹಿಂದಕ್ಕೇ ಹೆಜ್ಜೆಯಿಟ್ಟು ಹೊರಬರುತ್ತಿದ್ದಳು.

ಎರಡು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ತುರ್ಗುನ್‌ನ ಹೆಂಡತಿ ಕಲಿಚಾ ಏದುಸಿರು ಬಿಡುತ್ತ ಕೇಂದ್ರಕ್ಕೆ ಬಂದು, ಮೇಜಿನ ಮೇಲೆ ತಲೆವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಮಾತ್ರೆಗಳ ರಾಶಿ.

"ಉಣ್ಣೆ ಹಾಸು ಒದರೋಣ ಅಂತ ಎತ್ತಿದ್ರೆ ಅಡೀಲೆಲ್ಲ ಇವೇ ಕಣೇ! ಇಷ್ಟ್ ದಿನ ಅದೇನ್ ನೋಡ್ತಿದ್ದೆ ನೀನು? ನಿನ್ನೆ ಕೆಮ್ಮಿದ್ರೆ ರಕ್ತ ಬಂತು. ಆ ಮನುಷ್ಯ ಸತ್ರೆ ನಾನ್ ಯಾರನ್ನ ಕೇಳ್ಲಿ?"

ಬುರುಲ್ಚಾ ಅಂದೇ ಭಾವನ ಕಫವನ್ನು ಪರೀಕ್ಷೆಗೆಂದು ಜಿಲ್ಲೆಯ ಆಸ್ಪತ್ರೆಗೆ ಕಳಿಸಿದಳು. ಉತ್ತರ ಬರುವವರೆಗೆ ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೊನೆಗೂ ಜಿಲ್ಲೆಯ ಡಾಕ್ಟರ್ ಫೋನ್ ಮಾಡಿದರು.

"ಪುಣ್ಯಕ್ಕೆ ರೋಗ ಇನ್ನೂ ಮೊಂಡಾಗಿಲ್ಲ. ಸರ್ಕಾರ ಮತ್ತೆ ಮೊದಲಿಂದ ಮಾತ್ರೆ ಕೊಡತ್ತೆ. ಆದ್ರೆ ನಾವು ನಿಮ್ಮೂರಿನ ತನಕ ಕಳಿಸ್ಬಹುದು ಅಷ್ಟೇ ತಾಯಿ. ಗಂಟಲಿಗಿಳಿಸೋದು ನಿಮ್ಮ ಕೆಲಸ. ಇನ್ನೊಂದ್ಸಲ ಬಿಟ್ರೆ ಕಷ್ಟ."

ಹೊಸ ಮಾತ್ರೆ ಹಿಡಿದು ಬುರುಲ್ಚಾ ಭಾವನ ಮನೆಗೆ ಹೋದಳು. ಹೊಸಿಲು ದಾಟಿದ್ದೇ ತಲೆ ತಾನಾಗಿ ಬಾಗಿತು.

"ಯಾಕ್ ಭಾವ, ಮಾತ್ರೆ ಬಿಟ್ರಿ?"

"ಪುಕ್ಕಟೆ ಬರೋ ಸುಣ್ಣದ ಚೂರು. ನಮ್ಮ ಕುದುರೆ ಹಾಲಿನ ಮದ್ದಿನ ಮುಂದೆ ಅದ್ಯಾವ ಲೆಕ್ಕ ಬಿಡಮ್ಮ."

"ಬುರುಡೆ ಬಿಡ್ಬೇಡಿ!" ಕಲಿಚಾ ಒಲೆಯ ಬಳಿಯಿಂದಲೇ ಕೂಗಿದಳು. "ನನ್ನ ಹತ್ರ ಬಾಯಿಬಿಟ್ರಲ್ಲ, ಅದನ್ನ ಇವಳಿಗೂ ಹೇಳಿ. ಉಚ್ಚೆ ಕೆಂಪಗಾಯ್ತು ಅಂತ ಹೆದರ್ಕೊಂಡಿದ್ದು ಕಣೇ!"

"ತಮ್ಮನ ಹೆಂಡ್ತಿ ಹತ್ರ ಆಡೋ ಮಾತೇನೇ ಅದು?" ತುರ್ಗುನ್ ನಾಚಿ ಗೋಡೆಯತ್ತ ತಿರುಗಿದ.

ಆ ಮಾತ್ರೆ ನುಂಗಿದವರಿಗೆಲ್ಲ ಹಾಗಾಗುತ್ತದೆ. ಉಳಿದ ರೋಗಿಗಳಿಗೆ ಬುರುಲ್ಚಾ ಮೊದಲ ದಿನವೇ ಹೇಳಿದ್ದಳು. ಭಾವನೆದುರು ಮಾತ್ರ ನಾಲಿಗೆ ಏಳಲಿಲ್ಲ. ಇವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಇಬ್ಬರ ಮರ್ಯಾದೆಯೂ ಉಳಿಯಿತು, ರೋಗಕ್ಕೆ ಹಬ್ಬವಾಯಿತು.

"ಅದು ರಕ್ತ ಅಲ್ಲ ಭಾವ, ಮಾತ್ರೆ ಬಣ್ಣ. ಅವತ್ತೇ ಹೇಳ್ಬೇಕಿತ್ತು ನಾನು," ಎಂದಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. "ಈಗ ನುಂಗಿ, ಬಾಯಿ ತೆರೀರಿ. ನಾನು ನೋಡ್ಬೇಕು."

"ಸೊಸೆಯಾಗಿ ಭಾವನ ಬಾಯೊಳಗೆ ನೋಡ್ತೀಯಾ?"

"ಸೊಸೆ ನೋಡಲ್ಲ ಭಾವ. ಸರ್ಕಾರ ನೋಡತ್ತೆ."

"ಸರ್ಕಾರಕ್ಕಾದ್ರೂ ತೆರೀರಿ," ಎಂದಳು ಕಲಿಚಾ. "ನನ್ನ ಮುಂದಂತೂ ಆ ಬಾಯಿ ಮುಚ್ಚಿದ್ದೇ ಇಲ್ಲ."

ತುರ್ಗುನ್ ನಗು ತಡೆದುಕೊಂಡು ಮಾತ್ರೆಗಳನ್ನು ನುಂಗಿ ಬಾಯಿ ತೆರೆದ. ಬುರುಲ್ಚಾ ತಲೆಯೆತ್ತಿದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಆ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ನಾಲಿಗೆಯ ಅಡಿ ಖಾಲಿ, ಕೆನ್ನೆಯ ಸಂದೂ ಖಾಲಿ. ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ತೆರಪು. ತೀರಿಹೋದ ಗಂಡನಿಗೂ ಥೇಟ್ ಹಾಗೇ ಇತ್ತು. ಅವಳ ಕಣ್ಣು ತುಂಬಿ ಬಂತು.

"ಎಲ್ಲ ಇಳೀತೇನಮ್ಮ?" ಎಂದು ಕೇಳಿದ ತುರ್ಗುನ್.

"ಇನ್ನೊಂದ್ಸಲ ತೆರೀರಿ ಭಾವ," ಎಂದಳು ಬುರುಲ್ಚಾ.