ಚಿನ್ ಚಿಕ್ಕಮ್ಮನ ಅಂಗಡಿಗೆ ಹೊಟ್ಟೆನೋವಿನ ವಿಳಾಸ

ಬುಂಗ್ ಸಂತೆಯಲ್ಲಿ ಚಿನ್ ಚಿಕ್ಕಮ್ಮನ ಬಾಯಿಗೆ ಸಿಗದೆ ಉಳಿದವರು ಯಾರೂ ಇಲ್ಲ. ಪಕ್ಕದ ಮೀನಿನವಳು ನೀರು ಚೆಲ್ಲಿದರೆ ಬೈಗುಳ, ಸ್ಕೂಟರನ್ನು ಅಂಗಡಿಗೆ ಅಡ್ಡ ನಿಲ್ಲಿಸಿದರೆ ಬೈಗುಳ. ತೋಫುವನ್ನು ಬೆರಳಿನಿಂದ ಒತ್ತಿ ನೋಡುವ ಗಿರಾಕಿ ಬಂದರಂತೂ ಮುಗಿಯಿತು.

"ನಿನ್ ಮಗು ಕೆನ್ನೇನೂ ಹಿಂಗೇ ಒತ್ತಿ ನೋಡ್ತೀಯಾ? ತಗೊಳೋದಾದ್ರೆ ತಗೋ, ಇಲ್ಲಾಂದ್ರೆ ಕೈ ತೆಗಿ."

ಆದರೂ ಜನ ಅವಳ ಹತ್ತಿರವೇ ಬರುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗೆ ಮಾಂಸ ಬಿಡುವವರೆಲ್ಲ ಬೆಳಗಾಗುವ ಮೊದಲೇ ಸಾಲು ನಿಂತಿರುತ್ತಾರೆ. ಸೋಯಾ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕುದಿಸಿ, ಹಿಂದಿನ ದಿನದ ಹುಳಿನೀರು ಹಾಕಿ ಹಾಲು ಒಡೆಸುವುದು ಅವಳ ಪದ್ಧತಿ. ಬೇರೆಯವರು ಪುಡಿ ಹಾಕಿ ಬೇಗ ಒಡೆಸುತ್ತಾರೆ. ಅವಳಿಗೆ ಅದನ್ನು ಹೇಳಿದರೂ ಸಿಟ್ಟು. ಮೊಣಕೈವರೆಗೂ ಸುಟ್ಟ ಕಲೆಗಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಹಂಡೆ ಇಳಿಸಕ್ಕೆ ಗಂಡ ಬೇಕಾಗಿಲ್ಲ, ಹಗ್ಗ ರಾಟೆ ಇದ್ರೆ ಸಾಕು" ಎನ್ನುತ್ತಾಳೆ.

ಚಿನ್ ಎಂದರೆ ಒಂಬತ್ತು. ನಮ್ಮ ಕಡೆ ಹಿರಿಯ ಮಗುವನ್ನೇ 'ಎರಡು' ಎಂದು ಕರೆಯುವುದರಿಂದ ಅವಳು ಮನೆಗೆ ಎಂಟನೆಯವಳು. ಸಂಬಂಧದಲ್ಲಿ ನನಗೆ ಏನೂ ಆಗಬೇಕಿಲ್ಲ. ಸೈಗಾನ್‌ನಲ್ಲಿ ಓದಿ ಬೆಳೆದ ನಾನು ಮದುವೆಯಾಗಿ ಈ ಓಣಿಗೆ ಬಂದಾಗ, ಅವಳ ಮನೆ ದಾಟಿಯೇ ನಮ್ಮ ಮನೆಗೆ ಹೋಗಬೇಕಿತ್ತು. ಮೊದಲ ದಿನವೇ "ಹೀಲ್ಸ್ ಹಾಕ್ಕೊಂಡು ಈ ಮೋರಿ ಹಲಗೆ ದಾಟಬೇಡ, ಕಾಲು ಮುರ್ಕೊತೀಯ" ಎಂದು ಗದರಿದಳು. ಅಂದಿನಿಂದ ಚಿಕ್ಕಮ್ಮ. ಮಗಳು ಹುಟ್ಟಿದ ಮೇಲೆ ನಾನು ಅವಳಿಗೆ 'ಮಿತ್‌ನಮ್ಮ'. ಮಿತ್ ಎಂದರೆ ಹಲಸು. ಮಗಳು ಹುಟ್ಟಿದಾಗ ಅಷ್ಟು ಗುಂಡಗಿದ್ದಳು. ಈಗ ತಿನ್ನುವುದೇ ಇಲ್ಲ. ಅವಳ ತಟ್ಟೆಯಲ್ಲಿ ಪೂರ್ತಿ ಖಾಲಿಯಾಗುವ ಪದಾರ್ಥ ಒಂದೇ, ಚಿಕ್ಕಮ್ಮನ ತೋಫು. ಅವಳು ಹೋಗುವ ಶಿಶುವಿಹಾರದ ಮಧ್ಯಾಹ್ನದ ಊಟಕ್ಕೂ ಅದೇ ತೋಫು ಹೋಗುತ್ತಿತ್ತು. ನನ್ನ ಸಾವಿರ ಚಿಂತೆಗಳಲ್ಲಿ ಅದೊಂದು ಕಡಿಮೆ ಇತ್ತು.

ಇದೆಲ್ಲ ಕೆಟ್ಟಿದ್ದು ಲ್ವಾನ್ ಎಂಬ ಮನುಷ್ಯ ಸಂತೆಗೆ ಬಂದ ಮೇಲೆ. ಸೂಪರ್ ಮಾರ್ಕೆಟ್ ಎದುರು ಮಹಡಿ ಮೇಲೆ ಅವನದೊಂದು ವೆಬ್‌ಸೈಟ್ ಮಾಡಿಕೊಡುವ ಆಫೀಸು. ಅಂಗಡಿ ಅಂಗಡಿಗೂ ಬಂದು, ನಿಮಗೊಂದು ಪುಟ ಮಾಡಿಕೊಡುತ್ತೇನೆ, ಫೋನಿನಲ್ಲಿ ಹುಡುಕಿದವರಿಗೆ ನೀವೇ ಮೊದಲು ಕಾಣುತ್ತೀರಿ ಎಂದ. ಚಿಕ್ಕಮ್ಮ ಮೊದಲು ಅವನನ್ನೂ ಬೈದಳು, ಆಮೇಲೆ ಒಪ್ಪಿದಳು. ಫೋಟೋಗೆ ಹೊಸ ರವಿಕೆ ಹಾಕಿಕೊಂಡು ಹಂಡೆಯ ಪಕ್ಕ ನಿಂತಳು. 'ಬುಂಗ್ ಸಂತೆಯ ತೋಫು, ಚಿನ್ ಚಿಕ್ಕಮ್ಮ' ಎಂದು ಪುಟದ ಮೇಲೆ ದಪ್ಪಕ್ಷರದಲ್ಲಿ, ನಮ್ಮ ಅಕ್ಷರಗಳ ಮೇಲೆ ಕೆಳಗೆ ಹಾಕುವ ದನಿಯ ಗುರುತುಗಳ ಸಮೇತ ಸರಿಯಾಗಿಯೇ ಬರೆದಿತ್ತು, ಕೆಳಗೆ ಅವಳ ಫೋನ್ ನಂಬರು. ಅದರ ಮೇಲಿನ ಸಣ್ಣ ಸಾಲು, ಅದೇ ವೆಬ್ ವಿಳಾಸದ ಸಾಲು, ನಾವು ಯಾರೂ ಓದಲಿಲ್ಲ.

ಒಂದು ಮಧ್ಯಾಹ್ನ ಮಿತ್ ಶಿಶುವಿಹಾರದಿಂದ ಬಂದವಳೇ ಹೊಟ್ಟೆ ಹಿಡಿದುಕೊಂಡು ಅತ್ತಳು. ಗಂಡ ಕೆಲಸದಲ್ಲಿ, ಅತ್ತೆ ದೇವಸ್ಥಾನದಲ್ಲಿ. ಹೆಗಲ ಮೇಲೆ ಮಗುವನ್ನು ಹಾಕಿಕೊಂಡು ಒಂದೇ ಹೆಬ್ಬೆರಳಿನಲ್ಲಿ ಫೋನಿನಲ್ಲಿ 'ಹೊಟ್ಟೆನೋವು' ಎಂದು ಒತ್ತಿದೆ. ಅಂಥ ಹೊತ್ತಿನಲ್ಲಿ ಅಕ್ಷರಗಳ ತಲೆಯ ಮೇಲಿನ, ಕಾಲ ಕೆಳಗಿನ ಗುರುತುಗಳನ್ನು ಯಾರು ಹಾಕುತ್ತಾರೆ? ನಮ್ಮ ಮಾತಿನಲ್ಲಿ ಹೊಟ್ಟೆನೋವೆಂದರೆ ಡಾವ್ ಬುಂಗ್; ಗುರುತಿಲ್ಲದೆ ಬರೀ ಅಷ್ಟೇ ಒತ್ತಿದ್ದೆ. ಬಂದದ್ದು ಆಸ್ಪತ್ರೆ, ಔಷಧಿ, ಅವುಗಳ ನಡುವೆ ಹಂಡೆಯ ಪಕ್ಕ ನಿಂತ ಚಿನ್ ಚಿಕ್ಕಮ್ಮ.

ಮಗು ಊಟಕ್ಕೆ ತಿಂದಿದ್ದು ಅವಳ ತೋಫುವನ್ನೇ. ಆಮೇಲೆ ವಿಳಾಸದ ಸಾಲು ಕಣ್ಣಿಗೆ ಬಿತ್ತು: ಡಾವ್, ಒಂದು ಅಡ್ಡಗೆರೆ, ಬುಂಗ್. ಡಾವ್ ಎಂದು ದನಿ ಇಳಿಸಿ ಹೇಳಿದರೆ ತೋಫು ಮಾಡುವ ಕಾಳು, ಬುಂಗ್ ಎಂದು ದನಿ ಏರಿಸಿದರೆ ನಮ್ಮೂರು. ಗುರುತುಗಳನ್ನು ಕಿತ್ತುಹಾಕಿದರೆ ಈ ದೇಶದಲ್ಲಿ ಯಾರೂ ಅದನ್ನು ಹಾಗೆ ಓದುವುದಿಲ್ಲ. ಹೊಟ್ಟೆನೋವು ಎಂದೇ ಓದುತ್ತಾರೆ.

ಮಿತ್‌ಗೆ ಆಗಿದ್ದು ಮಲಬದ್ಧತೆ; ಸಂಜೆಗೆ ಸರಿಹೋಯಿತು. ಆದರೆ ಅಷ್ಟರಲ್ಲಿ ಇನ್ನೊಬ್ಬ ತಾಯಿ ಅದೇ ಪುಟದ ಚಿತ್ರ ತೆಗೆದು ಶಾಲೆಯ ಪೋಷಕರ ಗುಂಪಿಗೆ ಹಾಕಿದ್ದಳು. 'ನಮ್ಮ ಮಕ್ಕಳು ತಿನ್ನೋ ತೋಫು ಇದೇ ಅಲ್ವಾ? ತಾನೇ ಬರ್ಕೊಂಡಿದ್ದಾಳೆ ನೋಡಿ, ಹೊಟ್ಟೆನೋವು ಅಂತ.' ಕೆಳಗೆ ನಗುವ ಮುಖಗಳ ಸಾಲು. ಆ ನಗುವಿನ ಕೆಳಗೆ ಒಬ್ಬರು ಗಂಭೀರವಾಗಿ 'ಬೆಂಕಿಯಿಲ್ಲದೆ ಹೊಗೆಯಾಡುತ್ತಾ' ಎಂದು ಬರೆದಿದ್ದರು. ನಾನು ಎಲ್ಲ ಗುರುತುಗಳನ್ನೂ ಒಂದೊಂದಾಗಿ ಹಾಕಿ, ಇದು ವಿಳಾಸದ ತಪ್ಪು, ತೋಫುವಿನದಲ್ಲ ಎಂದು ಬರೆದೆ. ಆದರೂ ಮರುದಿನ ಶಾಲೆ ನಡೆಸುವ ಹಾನ್ ಮೇಡಂ, ಸ್ವಲ್ಪ ದಿನ ತೋಫು ಬೇಡ ಎಂದು ಚಿಕ್ಕಮ್ಮನಿಗೆ ಹೇಳಿ ಕಳಿಸಿದರು.

ಅವಳ ದಿನದ ಅರ್ಧ ಹಂಡೆ ಹೋಗುತ್ತಿದ್ದುದು ಆ ಶಾಲೆಗೇ. ಆದರೆ ಅವಳು ಕೇಳಿದ್ದು ಅದನ್ನಲ್ಲ.

"ಮಿತ್‌ನಮ್ಮ, ಎರಡು ದಿನದಿಂದ ಯಾರ್ಯಾರೋ ಫೋನ್ ಮಾಡ್ತಾರೆ ಕಣೇ. ನನ್ ಮಗೂಗೆ ಹೊಟ್ಟೆನೋವು, ಏನ್ ಕೊಡ್ಲಿ ಅಂತ. ಒಬ್ಳು ಅಳ್ತಿದ್ಲು. ನಾನೇನು ಡಾಕ್ಟ್ರಾ? ಆಸ್ಪತ್ರೆಗೆ ಕರ್ಕೊಂಡ್ ಹೋಗೇ ಅಂತ ಬೈದೆ. ಇದೇನಿದು?"

ನಾನು ಫೋನು ತೋರಿಸಿ ವಿವರಿಸಿದೆ. ಅವಳು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು.

"ಸ್ಕೂಟರ್ ತೆಗಿ."

ಮಿತ್ ನಮ್ಮಿಬ್ಬರ ನಡುವೆ ಕುಳಿತಳು. ಲ್ವಾನ್ ಆಫೀಸಿನಲ್ಲಿ ಐಸ್ ಕಾಫಿ ಹೀರುತ್ತ, ನಮ್ಮನ್ನು ಕಂಡು ಸಂತೋಷದಿಂದಲೇ ಎದ್ದ.

"ಬನ್ನಿ ಚಿಕ್ಕಮ್ಮ, ನಾನೇ ಬರೋಣ ಅಂತಿದ್ದೆ. ಇಡೀ ಸಂತೇಲಿ ನಿಮ್ಮ ಪುಟಾನೇ ಫಸ್ಟು. ಎಷ್ಟು ಜನ ಬಂದು ನೋಡಿದಾರೆ ಗೊತ್ತಾ?"

"ಹೊಟ್ಟೆ ನೋಯ್ತಿರೋರು ಬಂದಿದಾರೆ. ನನ್ನ ಹೆಸರನ್ನ ಹಂಗೆ ಕತ್ತರಿಸಿದ್ದು ಯಾರು?"

"ಕತ್ತರಿಸ್ಲೇಬೇಕು ಚಿಕ್ಕಮ್ಮ, ಅದು ನಿಯಮ. ವಿಳಾಸ ಚಿಕ್ಕದಾಗಿರಬೇಕು, ಗುರುತು ಇರಬಾರ್ದು, ಮಧ್ಯೆ ಅಡ್ಡಗೆರೆ. ಸರ್ಚ್‌ಗೆ ಅದೇ ಇಷ್ಟ."

"ಚಿಕ್ಕದು ಮಾಡಿ, ಬೇಡ ಅನ್ನಲ್ಲ," ನಾನು ಹೇಳಿದೆ. "ಮಾಡಿದ ಮೇಲೆ ಒಂದ್ಸಲ ಬಾಯಿಬಿಟ್ಟು ಓದಬಾರ್ದಿತ್ತಾ? ನೀವೂ ಈ ಭಾಷೆಯೋರೇ ತಾನೆ?"

ಲ್ವಾನ್ ನಕ್ಕ. ಅವನು ಓದಿದ್ದ ಎಂದು ಆ ನಗು ನೋಡಿಯೇ ಗೊತ್ತಾಯಿತು.

"ಅಕ್ಕ, ಬುಂಗ್ ತೋಫು ಅಂತ ಫೋನಲ್ಲಿ ಹುಡ್ಕೋರು ಯಾರಿದಾರೆ ಹೇಳಿ. ಯಾರೂ ಇಲ್ಲ. ಹೊಟ್ಟೆನೋವು ಅಂತ ಹುಡ್ಕೋರು? ಇಡೀ ದೇಶ. ಆ ಬಾಗಿಲಲ್ಲಿ ಚಿಕ್ಕಮ್ಮನ್ನ ನಿಲ್ಸಿದೀನಿ. ಬೇರೆಯೋರು ಇದಕ್ಕೆ ಬೇಡ್ಕೊತಾರೆ."

ಚಿಕ್ಕಮ್ಮ ಕೂಗಾಡಲಿಲ್ಲ. ಸಂತೆಯಲ್ಲಿ ಮೋರಿ ನೀರಿಗೆ ಅಷ್ಟು ಕೂಗಾಡುವವಳು ಅಲ್ಲಿ ತಣ್ಣಗೆ ಮಾತನಾಡಿದ್ದು ಕಂಡು ನನಗೆ ಹೆದರಿಕೆಯಾಯಿತು.

"ಮಗುಗೆ ನೋವು ಅಂತ ಅಳ್ತಾ ಬಂದೋಳಿಗೆ ನಾನು ತೋಫು ತೋರಿಸ್ಬೇಕಾ? ಆಸ್ಪತ್ರೆಗೆ ಹೋಗೋ ದಾರೀಲಿ ಗಾಡಿ ಇಟ್ಕೊಂಡ್ ನಿಲ್ಲಬೇಕಾ? ಬದಲಾಯ್ಸು."

"ಬದಲಾಯ್ಸಿದ್ರೆ ಬಂದ ಜನ ಎಲ್ಲ ಹೋಗ್ತಾರೆ."

"ಹೋಗ್ಲಿ."

"ಏನಂತ ಇಡ್ಲಿ? ತೋಫುಗೆ ಪೂರ್ತಿ 'ಡಾವ್ ಹು' ಅಂತ ಹಾಕಿದ್ರೆ, ಗುರುತಿಲ್ದೆ ಹಳಸಿದ ಕಾಳು ಅಂತ ಓದ್ತಾರೆ. ಸಂತೆ ಅಂತ ಸೇರಿಸಿದ್ರೆ, ಗುರುತಿಲ್ದೆ ಸಂತೆ ಹೋಗಿ ನಾಯಿ ಆಗುತ್ತೆ. ಹಳಸಿದ ಕಾಳು, ನಾಯಿ. ಆಗ್ಬಹುದಾ?"

ಮಿತ್ ನಾಯಿ ಎಂದು ಕೇಳಿ ಮೇಜಿನ ಕೆಳಗೆ ಬಗ್ಗಿ ನೋಡಿದಳು. ನಾನು ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡೆ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಮಾತಿನ ಅರ್ಧ ಅರ್ಥ ಆ ಗುರುತುಗಳಲ್ಲೇ ಇದೆ. ಅದಕ್ಕೇ ನನಗೆ ಇನ್ನೂ ಸಿಟ್ಟು. ಗೊತ್ತಿಲ್ಲದವನು ಮಾಡಿದ್ದರೆ ಬೇರೆ ಮಾತಿತ್ತು.

ಚಿಕ್ಕಮ್ಮ ಪರದೆಯ ಕಡೆ ಬೆರಳು ತೋರಿಸಿದಳು. "ಥ್ವಾ ಅಂತ ಹಾಕು."

"ಯಾರದು?"

"ನಾನೇ. ನಮ್ಮಪ್ಪ ಇಟ್ಟ ಹೆಸರು. ಅದರ ಮೇಲೆ ಯಾವ ಗುರುತೂ ಇಲ್ಲ. ಕಿತ್ಕೊಳಕ್ಕೆ ನಿನಗೇನೂ ಸಿಗಲ್ಲ."

ಅಷ್ಟು ವರ್ಷ ಪಕ್ಕದಲ್ಲಿದ್ದೂ ನನಗೆ ಆ ಹೆಸರು ಗೊತ್ತಿರಲಿಲ್ಲ. ಲ್ವಾನ್ ಮಾತ್ರ ಸುಮ್ಮನಿರಲಿಲ್ಲ. "ಥ್ವಾ ಅಂದ್ರೆ ಹಚ್ಚು, ಸವರು ಅಂತಲೂ ಆಗುತ್ತೆ ಚಿಕ್ಕಮ್ಮ. ಹೊಟ್ಟೆಗೆ ಮುಲಾಮು ಹಚ್ಚೋಕೆ ಜನ ಮತ್ತೆ ಬರ್ತಾರೆ ನೋಡಿ."

"ಬಾಯಿ ಮುಚ್ಚು, ಇಲ್ಲಾಂದ್ರೆ ನಿನ್ ಬಾಯಿಗೇ ಹಚ್ತೀನಿ ಮೆಣಸಿನಕಾಯಿ."

ಅವನು ಬದಲಾಯಿಸಿದ. ಬದಲಾಯಿಸಿ, ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ: ಹಳೆಯ ವಿಳಾಸವನ್ನು ಹಾಗೇ ಬಿಟ್ಟಿರುತ್ತೇನೆ, ಅಲ್ಲಿಗೆ ಬಂದವರನ್ನು ಅದು ತಾನಾಗಿ ಹೊಸದಕ್ಕೆ ಕಳಿಸುತ್ತದೆ, ಎಲ್ಲರೂ ಹೀಗೇ ಮಾಡುವುದು. ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ಏನು ಹೇಳ್ತಿದಾನೆ?"

"ಹೊಟ್ಟೆನೋವು ಅಂತ ಬಂದೋರು ಮತ್ತೆ ನಿಮ್ಮ ಪುಟಕ್ಕೇ ಬರ್ತಾರೆ ಅಂತ."

"ಮುಚ್ಚು ಅದನ್ನ. ನಾನಿಲ್ಲೇ ನಿಂತಿರ್ತೀನಿ, ಮುಚ್ಚು."

ಮುಚ್ಚಿಸಿಯೇ ಮೆಟ್ಟಿಲಿಳಿದಳು.

ಮರುದಿನ ನಾವು ಶಾಲೆಗೆ ಹೋದೆವು. ಹಾನ್ ಮೇಡಂ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಹೊಸ ವಿಳಾಸ ತೋರಿಸಿದೆ. ನೋಡಿ ತಲೆಯಾಡಿಸಿದರು.

"ನನಗೆ ಗೊತ್ತು ಅಕ್ಕ, ನಿಮ್ಮ ತೋಫು ಚೊಕ್ಕವಾಗಿದೆ. ಪೋಷಕರಿಗೆ ಹೇಳೋದು ಹೇಗೆ? ಆ ಚಿತ್ರ ಎಲ್ಲರ ಫೋನಲ್ಲೂ ಇದೆ. ಒಂದು ಮಾಡೋಣ. ನೀವು ಕೊಡಿ, ನಾವು ತಗೋತೀವಿ. ಚೀಲದ ಮೇಲೆ ನಿಮ್ಮ ಹೆಸರು ಬೇಡ. ಬರೀ ಚೀಲ. ಯಾರಿಗೂ ಗೊತ್ತಾಗಲ್ಲ."

ಹೂಂ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅರ್ಧ ಹಂಡೆಯ ಮಾತು. ನನ್ನ ಮಗಳ ಊಟದ ಮಾತು. ಚಿಕ್ಕಮ್ಮ ಚಹಾ ಲೋಟ ಕೆಳಗಿಟ್ಟಳು.

"ಮೇಡಂ, ನಾಳೆ ಒಂದು ಮಗುಗೆ ನಿಜವಾಗ್ಲೂ ಹೊಟ್ಟೆನೋವು ಬಂತು ಅನ್ಕೊಳ್ಳಿ. ಆಗ ಯಾರನ್ನ ಹುಡುಕ್ಕೊಂಡು ಹೋಗ್ತೀರಾ?"

ಮೇಡಂ ಮೇಜಿನ ಮೇಲಿದ್ದ ಫೋನನ್ನು ಮಗುಚಿಟ್ಟರು.

"ನನ್ನ ಮನೆ ಬಾಗಿಲಿಗೆ ಬರಬೇಕು. ಬಂದು ನನ್ನ ಬೈಬೇಕು. ಅದಕ್ಕೇ ಹೆಸರು ಬರ್ಕೊಂಡಿರೋದು. ಬರೀ ಚೀಲ ಕೊಡೋಳು ನಾನಲ್ಲ. ಹೆಸರು ಬೇಡ ಅಂದ್ರೆ ತೋಫೂನೂ ಬೇಡ."

"ಅಕ್ಕ, ಸಿಟ್ಟು ಮಾಡ್ಕೋಬೇಡಿ."

"ಸಿಟ್ಟು ಮಾಡ್ಕೊಂಡೇ ಇಷ್ಟು ದಿನ ಬದುಕಿರೋದು. ಇನ್ನೇನು ಮಾಡ್ಕೊಳ್ಳಿ?"

ಸ್ಕೂಟರಿನಲ್ಲಿ ವಾಪಸು ಬರುವಾಗ ನಾನು ಸುಮ್ಮನಿರಲಾಗದೆ, ಸ್ವಲ್ಪ ದಿನ ಒಪ್ಪಿಕೊಳ್ಳಬಹುದಿತ್ತು ಎಂದೆ. ಹಿಂದಿನಿಂದ ನನ್ನ ಹೆಲ್ಮೆಟ್ಟಿಗೆ ಒಂದು ಏಟು ಬಿತ್ತು. "ರಸ್ತೆ ನೋಡ್ಕೊಂಡ್ ಓಡ್ಸು."

ಈಗ ಅವಳು ಸಣ್ಣ ಹಂಡೆ ಇಡುತ್ತಾಳೆ. ದೊಡ್ಡದನ್ನು ಹಿತ್ತಲಲ್ಲಿ ಬೋರಲು ಹಾಕಿದ್ದಾಳೆ, ಅದರ ಮೇಲೆ ಬೆಕ್ಕು ಮಲಗುತ್ತದೆ. ಹೊಸ ವಿಳಾಸದ ಪುಟಕ್ಕೆ ಯಾರೂ ಬರುವುದಿಲ್ಲ. ಹೆಸರು ಗೊತ್ತಿದ್ದು ಹುಡುಕಿದರಷ್ಟೇ ಸಿಗುತ್ತಾಳೆ. ಲ್ವಾನ್‌ನ ಆಫೀಸಿನ ಮುಂದೆ ಈಗ ಹೊಸ ಬೋರ್ಡು ಬಂದಿದೆ, ಮೊದಲಿಗಿಂತ ದೊಡ್ಡದು.

ಕಳೆದ ವಾರ ಮಿತ್ ಶಾಲೆಯಲ್ಲಿ ತೋಫು ತಿಂದೆ, ಚೆನ್ನಾಗಿರಲಿಲ್ಲ ಎಂದಳು. ನಾನು ಮಾರನೆಯ ದಿನ ಅವಳನ್ನು ಬಿಡಲು ಹೋದಾಗ ಗೇಟಿನಲ್ಲೇ ನಿಂತು, ಈಗ ಯಾರ ತೋಫು ತರಿಸುತ್ತೀರಿ ಎಂದು ಹಾನ್ ಮೇಡಂ ಅವರನ್ನು ಕೇಳಿದೆ.

"ಯಾವುದೋ ಫ್ಯಾಕ್ಟರಿದಮ್ಮ. ಪೋಷಕರು ಯಾರೂ ಏನೂ ಅಂದಿಲ್ಲ."

"ಯಾವ ಫ್ಯಾಕ್ಟರಿ?"

ಅವರು ಅಡುಗೆಮನೆಗೆ ಹೋಗಿ ಒಂದು ಚೀಲ ತಂದು ತಿರುಗಿಸಿ ತಿರುಗಿಸಿ ನೋಡಿದರು. ನಾನೂ ಕೈಗೆ ತೆಗೆದುಕೊಂಡು ನೋಡಿದೆ. ಎರಡೂ ಕಡೆ ಬಿಳಿ, ಯಾರ ಹೆಸರೂ ಇಲ್ಲ. ನಾನು ಮಿತ್‌ಳ ಕೈ ಬಿಡದೆ ಅಲ್ಲೇ ನಿಂತೆ, ಒಳಗೆ ಗಂಟೆ ಹೊಡೆದ ಮೇಲೂ.